ಬಿಲ್ಡರ್ ದುಡ್ಡಲ್ಲೇ ಟೌನ್‌ನೋರು ಟ್ರಾಫಿಕ್ ಕನ್ಸಲ್ಟೆಂಟ್ ಇಟ್ಕೊಳ್ತಾರಂತೆ, ನಂಬೋದು ಹೇಗೆ?

ಮಲ್ನಾಡ್ ಮಗಳು:

ಎಲ್ರಿಗೂ ನಮಸ್ಕಾರ. ನಾವಿರೋದು ಮ್ಯಾಸಚೂಸೆಟ್ಸ್, ಬಾಸ್ಟನ್‌ನಿಂದ ಸ್ವಲ್ಪ ಆಚೆ ಒಂದು ಚಿಕ್ಕ ಟೌನು. ನಮ್ಮ ರಸ್ತೆ ಕೊನೇಲಿ ಹಳೇ ನರ್ಸರಿ ಜಾಗದಲ್ಲಿ 180 ಮನೆ ಅಪಾರ್ಟ್‌ಮೆಂಟ್ ಬರ್ತಿದೆ, ಪಕ್ಕದಲ್ಲೇ ಎಲಿಮೆಂಟರಿ ಸ್ಕೂಲು. ಮೊನ್ನೆ ಹಿಯರಿಂಗಲ್ಲಿ ಬಿಲ್ಡರ್ ಕಡೆ ಟ್ರಾಫಿಕ್ ಇಂಜಿನಿಯರ್ ಬಂದು ಸಂಜೆ ಪೀಕ್ ಅವರ್‌ನಲ್ಲಿ ಬರೀ 70 ಟ್ರಿಪ್ (ಒಂದು ಗಾಡಿ ಒಳಗೆ ಬಂದ್ರೆ ಅಥವಾ ಹೊರಗೆ ಹೋದ್ರೆ ಒಂದು ಟ್ರಿಪ್) ಜಾಸ್ತಿ ಆಗತ್ತೆ ಅಷ್ಟೇ ಅಂತ ಸ್ಲೈಡ್ ತೋರಿಸಿ ಹೋಗಿ ಕೂತ್ಕೊಂಡ್ರು, ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ. ಪ್ಲಾನಿಂಗ್ ಬೋರ್ಡ್‌ನೋರು "ಚಿಂತೆ ಬೇಡ, ನಾವೇ ಒಬ್ಬ ಪಿಯರ್ ರಿವ್ಯೂ ಕನ್ಸಲ್ಟೆಂಟ್ ಇಟ್ಕೊಂಡು ಚೆಕ್ ಮಾಡಿಸ್ತೀವಿ, ಖರ್ಚು ಬಿಲ್ಡರ್ ಕೊಡ್ತಾರೆ" ಅಂದ್ರು.

ನಂಗೆ ಅರ್ಥ ಆಗದೇ ಇರೋದು ಇಷ್ಟೇ. ಬಿಲ್ಡರ್ ದುಡ್ಡಲ್ಲಿ ಉಂಡೋರು ಬಿಲ್ಡರ್ ಮನೆ ಜಂತೆ ಎಣಿಸ್ತಾರಾ? ಇದು ಸುಮ್ನೆ ಶಾಸ್ತ್ರಕ್ಕೆ ಮಾಡೋದಾ ಅಥವಾ ನಿಜವಾಗ್ಲೂ ಏನಾದ್ರೂ ಉಪಯೋಗ ಇದೆಯಾ? ಅಕ್ಕಪಕ್ಕದ ಮನೆಯೋರು ನಾವು ಇದರಲ್ಲಿ ಬಾಯಿ ಹಾಕಬಹುದಾ?

ಎಡಕ್ಕೆ ತಿರುಗಿ:

ಮೇಡಂ, ನಾನು ಇದೇ ಲೈನಲ್ಲಿ ಇರೋನು, ಬಿಲ್ಡರ್ ಕಡೆಗೂ ರಿಪೋರ್ಟ್ ಬರ್ದಿದೀನಿ, ಟೌನ್ ಕಡೆಯಿಂದ ರಿವ್ಯೂನೂ ಮಾಡಿದೀನಿ. ದುಡ್ಡು ಯಾರ್ದು ಅನ್ನೋದಕ್ಕಿಂತ ಆರಿಸೋದು ಯಾರು, ಪತ್ರ ಹೋಗೋದು ಯಾರಿಗೆ, ಅದನ್ನ ನೋಡಿ. ನಿಮ್ಮ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ, ಜನರಲ್ ಲಾಸ್ 44ನೇ ಅಧ್ಯಾಯದ 53ಜಿ. ಬಿಲ್ಡರ್ ಕೊಟ್ಟ ದುಡ್ಡು ಟೌನ್ ಟ್ರೆಷರರ್ ಹತ್ರ ಬೇರೆ ಅಕೌಂಟಲ್ಲಿ ಇರತ್ತೆ, ಬೋರ್ಡ್ ಹೇಳಿದ ಹಾಗೆ ಖರ್ಚಾಗತ್ತೆ, ಕೆಲಸ ಮುಗಿದ ಮೇಲೆ ಉಳಿದಿದ್ದು ಬಡ್ಡಿ ಸಮೇತ ಬಿಲ್ಡರ್‌ಗೆ ವಾಪಸ್. ಅಂದ್ರೆ ಕನ್ಸಲ್ಟೆಂಟ್‌ಗೆ ಬಿಲ್ಡರ್ ನೇರವಾಗಿ ಚೆಕ್ ಬರ್ಯೋದಿಲ್ಲ. ಬಿಲ್ಡರ್‌ಗೆ ಆ ಕನ್ಸಲ್ಟೆಂಟ್ ಬೇಡ ಅನ್ಸಿದ್ರೆ ಟೌನ್ ಆಡಳಿತ ನೋಡ್ಕೊಳ್ಳೋ ಸೆಲೆಕ್ಟ್ ಬೋರ್ಡ್‌ಗೆ ಅಪೀಲ್ ಹೋಗಬಹುದು, ಆದ್ರೆ ಎರಡೇ ಕಾರಣಕ್ಕೆ: ಹಿತಾಸಕ್ತಿ ಸಂಘರ್ಷ ಇದೆ, ಇಲ್ಲಾಂದ್ರೆ ಕನಿಷ್ಠ ಅರ್ಹತೆ ಇಲ್ಲ ಅಂತ. ಅರ್ಹತೆ ಅಂದ್ರೆ ಆ ವಿಷಯದಲ್ಲಿ ಡಿಗ್ರಿ, ಅಥವಾ ಮೂರು ವರ್ಷ ಅನುಭವ. "ಈ ಮನುಷ್ಯ ತುಂಬಾ ಸ್ಟ್ರಿಕ್ಟು" ಅನ್ನೋದು ಕಾರಣ ಆಗಲ್ಲ. ಒಂದು ತಮಾಷೆ ಅಂದ್ರೆ ಈ ಅಪೀಲ್ ಹಕ್ಕು ಸಾಮಾನ್ಯವಾಗಿ ಅರ್ಜಿದಾರರಿಗೆ ಮಾತ್ರ, ನಿಮ್ಮಂಥ ನೆರೆಹೊರೆಯೋರಿಗೆ ಇಲ್ಲ.

ಆರಿಸೋ ವಿಷಯಕ್ಕೆ ಬಂದ್ರೆ, ಸಾಮಾನ್ಯವಾಗಿ ಟೌನುಗಳು ಮೊದಲೇ ಅರ್ಜಿ ಕರೆದು ಕೆಲವು ಫರ್ಮ್‌ಗಳನ್ನ ಆನ್-ಕಾಲ್ ಲಿಸ್ಟಲ್ಲಿ ಇಟ್ಕೊಂಡಿರ್ತವೆ. ಪ್ರಾಜೆಕ್ಟ್ ಬಂದಾಗ ಟೌನ್ ಪ್ಲಾನರ್ ಒಂದು ಫರ್ಮ್‌ಗೆ ಫೋನ್ ಮಾಡಿ ಸ್ಕೋಪು (ಏನೇನು ಕೆಲಸ ಮಾಡ್ಬೇಕು ಅನ್ನೋ ಪಟ್ಟಿ) ಮತ್ತೆ ಫೀಸು ಬರ್ಕೊಂಡು ಬಾ ಅಂತಾರೆ. ಚಿಕ್ಕ ಊರಲ್ಲಿ ಎಲ್ಲಾರೂ ಎಲ್ಲಾರಿಗೂ ಗೊತ್ತು, ನಿಮ್ಮೂರಲ್ಲಿ ರಿವ್ಯೂ ಮಾಡೋ ಫರ್ಮೇ ಪಕ್ಕದೂರಲ್ಲಿ ಬಿಲ್ಡರ್ ಪರ ನಿಂತಿರತ್ತೆ, ಅದನ್ನ ನೋಡಿ ಗಾಬರಿ ಆಗ್ಬೇಡಿ, ಆದ್ರೆ ಇದೇ ಬಿಲ್ಡರ್‌ಗೆ ಈಗ ಕೆಲಸ ಮಾಡ್ತಿದೀರಾ ಅಂತ ಹಿಯರಿಂಗಲ್ಲಿ ನೇರವಾಗಿ ಕೇಳಬಹುದು, ಕೇಳಿ.

ನನ್ನ ಕೇಳಿದ್ರೆ ದುಡ್ಡಿಗಿಂತ ಸ್ಕೋಪೇ ತೊಂದ್ರೆ. ಪಿಯರ್ ರಿವ್ಯೂ ಅಂದ್ರೆ ಸ್ಟಡಿ ಹೊಸದಾಗಿ ಮಾಡೋದಲ್ಲ, ಅವರು ಮಾಡಿದ್ದನ್ನ ಓದಿ ಕಾಮೆಂಟ್ ಬರ್ಯೋದು. ಸ್ಕೋಪಲ್ಲಿ "ಸೈಟ್ ವಿಸಿಟ್ ಸ್ಕೂಲ್ ಬಿಡೋ ಹೊತ್ತಿಗೆ" ಅಂತ ಬರ್ದಿಲ್ಲ ಅಂದ್ರೆ ರಿವ್ಯೂಯರ್ ಬೆಳಗ್ಗೆ ಹನ್ನೊಂದಕ್ಕೆ ಬಂದು ಖಾಲಿ ರಸ್ತೆ ನೋಡ್ಕೊಂಡು ಹೋಗ್ತಾನೆ. ತಪ್ಪು ಅವನದ್ದಲ್ಲ, ಅಷ್ಟಕ್ಕೇ ಅವನಿಗೆ ಫೀಸು.

ಆಮೇಲೆ ನಿಮ್ಮ 70. 180 ಮನೆಗೆ 70 ಅಂದ್ರೆ ಮನೆಗೆ 0.39 ಬಂತು. ಇದು ಯಾವ ಥರ ಕಟ್ಟಡಕ್ಕೆ ಎಷ್ಟು ಟ್ರಿಪ್ ಅಂತ ಹೇಳೋ ಐಟಿಇ (ಟ್ರಾಫಿಕ್ ಇಂಜಿನಿಯರ್‌ಗಳ ಸಂಸ್ಥೆ) ಟ್ರಿಪ್ ಜನರೇಷನ್ ಮ್ಯಾನ್ಯುಯಲ್ 11ನೇ ಆವೃತ್ತಿಯ ಕೋಡ್ 221, ಮಿಡ್-ರೈಸ್, ಸಂಜೆ ಪೀಕಿನ ಸರಾಸರಿ ದರ. ಮಿಡ್-ರೈಸ್ ಅಂದ್ರೆ 4ರಿಂದ 10 ಮಹಡಿ. ನಿಮ್ಮ ಬಿಲ್ಡಿಂಗ್‌ಗಳು ಎಷ್ಟು ಮಹಡಿ? ಇನ್ನೊಂದು, ರಿಪೋರ್ಟ್ ಅಪೆಂಡಿಕ್ಸಲ್ಲಿ ಗಾಡಿ ಎಣಿಸಿದ ತಾರೀಖು ಇರತ್ತೆ, ನೋಡಿ ಹೇಳಿ.

ಬೆಳ್ಳಂದೂರು ಬಾಯ್:

ಅಯ್ಯೋ ಮೇಡಂ ನಿಮಗೆ ಟೌನ್‌ನೋರು ಇನ್ನೊಬ್ಬರನ್ನ ಇಟ್ಟು ಚೆಕ್ ಮಾಡಿಸ್ತಾರಲ್ಲ, ಅಷ್ಟೇ ಪುಣ್ಯ 😀 ಇಲ್ಲಿ ಬೆಂಗಳೂರಲ್ಲಿ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ರೆ 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ನೋಟಿಫಿಕೇಶನ್ ಪ್ರಕಾರ ಪರಿಸರ ಅನುಮತಿ ಬೇಕು, ಆ ಫೈಲ್ ಒಳಗೇ ಟ್ರಾಫಿಕ್ ಸ್ಟಡಿನೂ ಹೋಗತ್ತೆ, ಬರೆಸೋದು ಬಿಲ್ಡರ್ರೇ, ಕನ್ಸಲ್ಟೆಂಟ್ ಆರಿಸೋದೂ ಬಿಲ್ಡರ್ರೇ. ರಾಜ್ಯದ ತಜ್ಞರ ಸಮಿತಿ ಒಂದೇ ಮೀಟಿಂಗಲ್ಲಿ ರಾಶಿ ಫೈಲ್ ನೋಡ್ಬೇಕು, ಅದರಲ್ಲಿ ನಮ್ಮ ರಸ್ತೆ ಪಿಸಿಯು (ಎಲ್ಲಾ ಗಾಡಿನೂ ಕಾರಿನ ಲೆಕ್ಕಕ್ಕೆ ತರೋ ಅಳತೆ) ಲೆಕ್ಕ ಯಾರು ಕೂತ್ಕೊಂಡು ಗುಣಿಸ್ತಾರೆ ಹೇಳಿ. ಬಿಲ್ಡರ್ ಬಿಡಿ, ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ಬೆಂಗಳೂರು ಟನೆಲ್ ರೋಡ್ ಡಿಪಿಆರ್‌ನಲ್ಲಿ (ಯೋಜನೆಯ ವಿವರ ವರದಿ) ಮಹಾರಾಷ್ಟ್ರದ ಮಾಲೇಗಾಂವ್ ನಾಸಿಕ್ ಹೆಸರು ನುಗ್ಗಿತ್ತಲ್ಲ, ಪೇಪರ್‌ನಲ್ಲೆಲ್ಲ ಬಂತು. ಓದೋರು ಒಬ್ಬರು ಬೇಕು ಗುರು, ಅಷ್ಟೇ.

ಸ್ಯಾನ್ ಹೋಸೆ ಶೆಟ್ರು:

ಕ್ಯಾಲಿಫೋರ್ನಿಯಾದಲ್ಲಿ ಆಟವೇ ಬೇರೆ. ಇಲ್ಲಿ ಸುಮಾರು ಊರುಗಳಲ್ಲಿ ಮೊದಲನೇ ಸ್ಟಡಿನೇ ಸಿಟಿಯವರು ತಮ್ಮ ಕನ್ಸಲ್ಟೆಂಟ್ ಕೈಲಿ ಮಾಡಿಸ್ತಾರೆ, ಬಿಲ್ಡರ್ ಡೆಪಾಸಿಟ್ ಇಡ್ತಾನೆ. ಮತ್ತೆ 2013ರ ಎಸ್‌ಬಿ 743 ಕಾನೂನು ಬಂದ ಮೇಲೆ, 2020 ಜುಲೈ 1ರಿಂದ ರಾಜ್ಯಾದ್ಯಂತ, ಪರಿಸರ ಪರಿಶೀಲನೆಯಲ್ಲಿ ಸಿಗ್ನಲ್ ಹತ್ರ ಎಷ್ಟು ಸೆಕೆಂಡ್ ಕಾಯ್ತೀರಿ ಅನ್ನೋದು ಲೆಕ್ಕಕ್ಕೇ ಇಲ್ಲ, ಜನ ಒಟ್ಟು ಎಷ್ಟು ಮೈಲಿ ಗಾಡಿ ಓಡಿಸ್ತಾರೆ ಅನ್ನೋದೇ ಅಳತೆ. ನಮ್ಮ ಬೀದಿ ಜಾಮ್ ಆಗತ್ತೆ ಅಂತ ಕೂಗಿದ್ರೆ "ಅದು ಪರಿಸರ ಪರಿಣಾಮ ಅಲ್ಲ ಸರ್" ಅಂತ ನಗ್ತಾ ಹೇಳ್ತಾರೆ. ಜಾಮ್ ನೆಪ ಹೇಳಿ ಮನೆ ಕಟ್ಟೋದನ್ನ ತಡೆಯೋದು ಜಾಸ್ತಿ ಆಗಿತ್ತು, ಅದಕ್ಕೇ ನಂಗೇನೋ ಇದು ಸರಿ ಅನ್ಸತ್ತೆ, ಬೈಯೋರು ಬೈಕೊಳ್ಳಿ.

ಮಲ್ನಾಡ್ ಮಗಳು:

@ಎಡಕ್ಕೆ ತಿರುಗಿ ತುಂಬಾ ಥ್ಯಾಂಕ್ಸ್ ಸರ್. ನೋಡ್ದೆ. ಒಂದೇ ಬ್ಲಾಕ್ 4 ಮಹಡಿ, ಅದರಲ್ಲಿ 60 ಮನೆ. ಉಳಿದ 120 ಮನೆ 3 ಮಹಡಿ ಬಿಲ್ಡಿಂಗ್‌ಗಳಲ್ಲಿ. ಎಣಿಸಿದ್ದು ಆಗಸ್ಟ್ ಮಧ್ಯದಲ್ಲಿ, ಅಂದ್ರೆ ಸ್ಕೂಲ್‌ಗೆ ರಜಾ!!

ಎಡಕ್ಕೆ ತಿರುಗಿ:

ಸರಿ ಹಾಗಾದ್ರೆ. 3 ಮಹಡಿ ಅಂದ್ರೆ ಲೋ-ರೈಸ್, ಕೋಡ್ 220, ದರ 0.51. 120 ಮನೆಗೆ 61, 60 ಮನೆಗೆ 23, ಒಟ್ಟು 85 ಹತ್ರ ಬರತ್ತೆ. ಸರಾಸರಿ ದರ ಬಿಟ್ಟು ಸಮೀಕರಣ ಹಾಕಿದ್ರೆ ಸ್ವಲ್ಪ ಆಚೀಚೆ. ಆದ್ರೆ ನಿಜ ಹೇಳ್ಲಾ, ಈ 15 ಟ್ರಿಪ್ಪಿಂದ ಪ್ರಾಜೆಕ್ಟ್ ಏನೂ ನಿಲ್ಲಲ್ಲ, ಅದನ್ನ ಹಿಡ್ಕೊಂಡು ಮೈಕ್ ಮುಂದೆ ನಿಮಗಿರೋ ಮೂರು ನಿಮಿಷ ಕಳೀಬೇಡಿ. ಆಗಸ್ಟ್ ಎಣಿಕೆ ಹಿಡ್ಕೊಳ್ಳಿ. ಅವರು "ಸೀಸನಲ್ ಫ್ಯಾಕ್ಟರ್ ಹಾಕಿ ಸರಿ ಮಾಡಿದೀವಿ" ಅಂತಾರೆ, ಅದು ತಿಂಗಳಿಂದ ತಿಂಗಳಿಗೆ ರಸ್ತೆ ಒಟ್ಟು ಟ್ರಾಫಿಕ್ಕಿನ ಏರಿಳಿತಕ್ಕೆ, ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದ ಅಪ್ಪ ಅಮ್ಮಂದಿರ ಕಾರು ರಸ್ತೆವರೆಗೂ ಸಾಲು ನಿಲ್ಲೋದು ಯಾವ ಫ್ಯಾಕ್ಟರಲ್ಲೂ ಬರಲ್ಲ. ಸ್ಕೂಲ್ ಬಿಡೋದು ಮೂರು ಗಂಟೆ ಆಸುಪಾಸು, ಅವರ ಪೀಕ್ ಅವರ್ ಲೆಕ್ಕ ನಾಲ್ಕರಿಂದ ಆರರ ಒಳಗಿಂದು, ಅದೂ ಹೊಂದಲ್ಲ.

ಸಿಗ್ನಲ್ ಇಲ್ಲದ ಜಾಗದಲ್ಲಿ ಸ್ಟಾಪ್ ಸೈನ್ ಹತ್ರ ಸರಾಸರಿ 50 ಸೆಕೆಂಡ್ ಮೇಲೆ ಕಾದ್ರೆ ಎಲ್‌ಓಎಸ್ ಎಫ್, ಅಂದ್ರೆ ಕಾಯೋ ಹೊತ್ತು ನೋಡಿ ಎಯಿಂದ ಎಫ್‌ವರೆಗೆ ಕೊಡೋ ಗ್ರೇಡಲ್ಲಿ ಕೊನೇದು. ನಿಮ್ಮ ರಸ್ತೆಯಿಂದ ಎಡಕ್ಕೆ ತಿರುಗೋ ಸಾಲಿಗೆ ಏನು ಗ್ರೇಡ್ ಕೊಟ್ಟಿದಾರೆ, ಸ್ಕೂಲ್ ನಡೀತಿರೋವಾಗ ಎಣಿಸಿದ್ರೆ ಅದು ಎಷ್ಟಾಗತ್ತೆ, ಅಷ್ಟೇ ಕೇಳಿ.

ಪರ್ಮಿಟ್ ಪಾಪಣ್ಣ:

ಒಂದು ಮಾತು ಎಲ್ಲಾರೂ ಬಿಟ್ರಿ. ಇದು ಸ್ಪೆಷಲ್ ಪರ್ಮಿಟ್ಟಾ (ಕೊಡೋದು ಬಿಡೋದು ಬೋರ್ಡ್ ವಿವೇಚನೆ) ಅಥವಾ ಬೈ-ರೈಟ್ (ನಿಯಮಕ್ಕೆ ಹೊಂದಿದ್ರೆ ಕಟ್ಟೋಕೆ ಹಕ್ಕೇ ಇರೋದು) ಸೈಟ್ ಪ್ಲಾನ್ ರಿವ್ಯೂನಾ? ಮ್ಯಾಸಚೂಸೆಟ್ಸಲ್ಲಿ ಎಂಬಿಟಿಎ (ಬಾಸ್ಟನ್ ಕಡೆಯ ರೈಲು ಬಸ್ಸು ಸಂಸ್ಥೆ) ಕಮ್ಯುನಿಟೀಸ್ ಕಾನೂನು 2021ರಲ್ಲಿ ಬಂದ ಮೇಲೆ ಬಾಸ್ಟನ್ ಸುತ್ತಲಿನ 177 ಊರುಗಳಲ್ಲಿ ಬೈ-ರೈಟ್ ಅಪಾರ್ಟ್‌ಮೆಂಟ್ ಜೋನ್ ಇರಲೇಬೇಕು. ಬೈ-ರೈಟ್ ಆದ್ರೆ ಟ್ರಾಫಿಕ್ ಕಾರಣಕ್ಕೆ ಬೋರ್ಡ್ ಬೇಡ ಅನ್ನೋದು ಹೆಚ್ಚುಕಮ್ಮಿ ಆಗದ ಮಾತು, ನ್ಯಾಯವಾದ ಕಂಡೀಷನ್ ಹಾಕಬಹುದು. ಆಗ "ನಿಲ್ಸಿ" ಅಂತ ಹೋದ್ರೆ ನಿಮ್ಮ ಮಾತು ಯಾರೂ ಬರ್ಕೊಳ್ಳಲ್ಲ. ಕ್ರಾಸ್‌ವಾಕ್, ಲೆಫ್ಟ್ ಟರ್ನ್ ಲೇನ್, ಫುಟ್‌ಪಾತ್, ಜನ ವಾಸಕ್ಕೆ ಬಂದ ಮೇಲೆ ಇನ್ನೊಂದ್ಸಲ ಎಣಿಕೆ, ಇಂಥದ್ದು ಕೇಳಿ. ರಿವ್ಯೂಯರ್ ಪತ್ರದಲ್ಲಿ ಆ ಸಾಲು ಬಂದ್ರೆ ಬೋರ್ಡ್‌ಗೆ ಅದನ್ನ ಕಂಡೀಷನ್ ಮಾಡೋಕೆ ಧೈರ್ಯ ಬರತ್ತೆ.

ಮಲ್ನಾಡ್ ಮಗಳು:

ಸ್ಪೆಷಲ್ ಪರ್ಮಿಟ್ ಅಂತಾನೇ ನೋಟಿಸಲ್ಲಿ ಇದೆ. ಸ್ಕೋಪ್ ಇನ್ನೂ ಫೈನಲ್ ಆಗಿಲ್ವಂತೆ, ಪ್ಲಾನರ್‌ಗೆ ಫೋನ್ ಮಾಡಿದ್ದೆ.

ಎಡಕ್ಕೆ ತಿರುಗಿ:

ಹಾಗಾದ್ರೆ ಇವತ್ತೇ ಮೇಲ್ ಹಾಕಿ, ಪ್ಲಾನರ್‌ಗೂ ಬೋರ್ಡ್‌ಗೂ, ರೆಕಾರ್ಡ್‌ಗೆ ಸೇರಿಸಿ ಅಂತ ಬರೀರಿ. ಸ್ಕೂಲ್ ತೆರೆದಿರೋ ದಿನ ಹೊಸ ಎಣಿಕೆ, ಸ್ಕೂಲ್ ಬಿಡೋ ಹೊತ್ತಿಗೆ ಸೈಟ್ ವಿಸಿಟ್, 3 ಮಹಡಿ ಮನೆಗೆ ಸರಿಯಾದ ಕೋಡ್, ಇಷ್ಟೇ ಸಾಕು, ಹತ್ತು ಪುಟ ಬೇಡ. ರಿವ್ಯೂಯರ್ ಪತ್ರ ಪಬ್ಲಿಕ್ ರೆಕಾರ್ಡು, ಬಂದ ದಿನಾನೇ ಕೇಳಿ ತಗೊಳ್ಳಿ. ಅದಕ್ಕೆ ಬಿಲ್ಡರ್ ಕಡೆಯೋರು ಉತ್ತರ ಬರೀತಾರೆ, ಮತ್ತೆ ರಿವ್ಯೂಯರ್ ಎರಡನೇ ಪತ್ರ ಬರೀತಾರೆ. ಆ ಎರಡನೇ ಪತ್ರದಲ್ಲಿ ಯಾವ ಕಾಮೆಂಟ್ ಮುಂದೆ "ಪರಿಹಾರವಾಗಿದೆ" ಅಂತ ಹಾಕಿದಾರೆ, ಹೇಗೆ ಪರಿಹಾರ ಆಯ್ತು, ಅದನ್ನ ಸಾಲು ಸಾಲಾಗಿ ನೋಡಿ. ಹಿಯರಿಂಗ್ ಕ್ಲೋಸ್ ಮಾಡಿದ ಮೇಲೆ ಹೊಸ ಕಾಗದ ತಗೊಳ್ಳಲ್ಲ, ಅದಕ್ಕೆ ಮುಂಚೆ.