ಬೋಗಿಯೇ ಇಲ್ಲದ ಗಾಡಿಗೆ 'ಬೋಗಿ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದ ತಲೆಯಲ್ಲಿ ಕೂತುಬಿಟ್ಟಿದೆ. ಸಾಗರದ ರೈಲು ನಿಲ್ದಾಣದ ಹಳೇ ಫೋಟೋಗಳನ್ನು ನಾವು ಕೆಲವರು ಸೇರಿ ಒಟ್ಟುಮಾಡುತ್ತಿದ್ದೇವೆ. ಪ್ರತಿ ಫೋಟೋದ ಕೆಳಗೆ ಎರಡು ಸಾಲು ಬರೆಯುವ ಕೆಲಸ ನನ್ನದು. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿಯ ಮೇಲೆ ಓಡುತ್ತಿದ್ದ ರೈಲ್‌ಬಸ್ಸಿನ ಫೋಟೋಗೆ 'ಒಂದೇ ಬೋಗಿಯ ರೈಲು' ಅಂತ ಬರೆದಿದ್ದೆ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಅದನ್ನು ಓದಿ, "ಇದರಲ್ಲಿ ಬೋಗಿ ಎಲ್ಲಿದೆ ಮಾರಾಯ್ರೇ? ಕೆಳಗೆ ನೋಡಿ" ಅಂದರು.

ನೋಡಿದೆ. ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ. ರಸ್ತೆ ಮೇಲಿನ ಬಸ್ಸಿನ ಹಾಗೇ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಬೋಗಿ ಅಂದರೆ ಜನ ಕೂರುವ ಜಾಗ ಅಲ್ಲ, ಅದರ ಅಡಿಯಲ್ಲಿರುವ ಗಾಲಿಗಳ ಚೌಕಟ್ಟು. ಎರಡು ಅಚ್ಚು, ನಾಲ್ಕು ಚಕ್ರ ಸೇರಿದರೆ ಸಾಮಾನ್ಯವಾಗಿ ಒಂದು ಬೋಗಿ. ಈಗಿನ ಒಂದು ಕೋಚಿನ ಕೆಳಗೆ ಇಂಥ ಎರಡು ಇರುತ್ತವೆ, ಹಾಗಾಗಿ ಒಟ್ಟು ಎಂಟು ಚಕ್ರ. ನಮ್ಮ ಕಡೆ ಹಿಂದೆ ಉದ್ದನೆಯ ದಿಮ್ಮಿಯನ್ನು ಎರಡು ಗಾಡಿಗಳ ಮೇಲೆ ಹೇರುತ್ತಿದ್ದರಲ್ಲ, ಹಾಗೇ ಅಂದುಕೊಳ್ಳಿ. ತಿರುವು ಬಂದಾಗ ಮುಂದಿನ ಗಾಡಿ ತನ್ನಷ್ಟಕ್ಕೆ ತಿರುಗುತ್ತದೆ, ಹಿಂದಿನದು ಆಮೇಲೆ ತಿರುಗುತ್ತದೆ, ದಿಮ್ಮಿ ಮಾತ್ರ ನೆಟ್ಟಗೆ ಕೂತಿರುತ್ತದೆ. ಉದ್ದದ ಕೋಚು ತಿರುವಿನಲ್ಲಿ ಹಳಿ ತಪ್ಪದೆ ಹೋಗುವುದು ಹೀಗೇ.

ಮೊದಮೊದಲ ರೈಲುಗಳಲ್ಲಿ ಈ ಏರ್ಪಾಡು ಇರಲಿಲ್ಲ. ಗಿಡ್ಡನೆಯ ಮರದ ಪೆಟ್ಟಿಗೆ, ಕೆಳಗೆ ನಾಲ್ಕು ಚಕ್ರ, ಅಷ್ಟೇ. ಉದ್ದದ ಕೋಚುಗಳು ಬಂದಾಗ ಅವುಗಳನ್ನು ಬೇರೆಯಾಗಿ ಗುರುತಿಸಲು ಇಂಗ್ಲಿಷಿನವರು 'ಬೋಗಿ ಕೋಚ್' ಅಂದರು. ನಮ್ಮ ದೇಶದ ಬಾಯಿಮಾತಿನಲ್ಲಿ 'ಕೋಚ್' ಬಿದ್ದುಹೋಗಿ 'ಬೋಗಿ' ಉಳಿಯಿತು. ರೈಲ್ವೆಯ ಒಳಗಿನವರು ಇವತ್ತಿಗೂ ಕೋಚ್ ಅನ್ನುತ್ತಾರೆ. ಪೇಪರಿನಲ್ಲಿ ಮಾತ್ರ 'ಹಳಿ ತಪ್ಪಿದ ಬೋಗಿಗಳು'.

ಇದು ತಪ್ಪು ಅಂತ ನಾನು ಹೇಳುವುದಿಲ್ಲ. 'ರೈಲು' ಪದಕ್ಕೂ ಇದೇ ಆಗಿದೆ ಅಲ್ವಾ? ಇಂಗ್ಲಿಷಿನಲ್ಲಿ ಅದು ಕಂಬಿಯ ಹೆಸರು. ಕನ್ನಡದಲ್ಲಿ ಕಂಬಿಯ ಹೆಸರನ್ನು ಗಾಡಿಗೆ ಕೊಟ್ಟೆವು. ಆಮೇಲೆ ಕಂಬಿಗೆ 'ರೈಲು ಕಂಬಿ' ಅನ್ನಬೇಕಾಯಿತು. ಕೆಳಗಿದ್ದ ವಸ್ತುವಿನ ಹೆಸರು ಮೇಲಿದ್ದದ್ದಕ್ಕೆ ಹತ್ತಿದೆ, ಎರಡು ಸಲವೂ. ನನಗೆ ಇದು ತುಂಬಾ ಇಷ್ಟವಾಯಿತು.

ಆದರೆ 'ಭೋಗಿ' ಅಂತ ಮಹಾಪ್ರಾಣ ಹಾಕಿ ಬರೆಯುವುದನ್ನು ಒಪ್ಪಲಾರೆ. ಅದು ಸಂಕ್ರಾಂತಿಯ ಹಿಂದಿನ ದಿನದ ಹಬ್ಬ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಮ್ಮ ಅಜ್ಜಿ ಬೋಗಿ ಅಂದದ್ದನ್ನು ನಾನು ಕೇಳಿಯೇ ಇಲ್ಲ. ಅವರಿಗೆ ಅದು 'ಡಬ್ಬಿ'. "ಹಿಂದಿನ ಡಬ್ಬಿ ಖಾಲಿ ಇದೆ, ಓಡು" ಅನ್ನುತ್ತಿದ್ದರು. ಮೂರನೇ ದರ್ಜೆಯನ್ನು 1974ರಲ್ಲೇ ತೆಗೆದರೂ ಅವರ ಬಾಯಲ್ಲಿ ಕೊನೆತನಕ 'ಥರ್ಡ್ ಕ್ಲಾಸ್ ಡಬ್ಬಿ'ಯೇ. ಆ ಡಬ್ಬಿ ನನಗೆ ಚೆನ್ನಾಗಿ ನೆನಪಿದೆ. ಮರದ ಪಟ್ಟಿ ಜೋಡಿಸಿದ ಸೀಟು. ಆನಂದಪುರ ದಾಟುವ ಹೊತ್ತಿಗೆ ತೊಡೆ ಮೇಲೆ ಪಟ್ಟಿಯ ಗೀರು ಮೂಡಿರುತ್ತಿತ್ತು. ಮಳೆ ಬಂದರೆ ಕಿಟಕಿಯ ಮರದ ಬಾಗಿಲು ಇಳಿಸಬೇಕು. ಎರಡೂ ಕಡೆಯ ಚಿಲಕ ಒಟ್ಟಿಗೆ ಒತ್ತದಿದ್ದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಇಳಿಸಿದ ಮೇಲೆ ಒಳಗೆಲ್ಲ ಕತ್ತಲು, ಪಟ್ಟಿಗಳ ಸಂದಿಯಿಂದ ಮಾತ್ರ ಗೆರೆಗೆರೆಯಾಗಿ ಬೆಳಕು, ಒದ್ದೆ ಮರದ ವಾಸನೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೂತ ಹಾಗೇ ಇರುತ್ತಿತ್ತು. ಡಬ್ಬಿ ಅನ್ನುವ ಹೆಸರು ಅದಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಆಮೇಲೆ ಬಂದ ರೈಲ್‌ಬಸ್ಸಿಗೆ ಊರಿನಲ್ಲಿ ಬೇರೆ ಹೆಸರು ಹುಟ್ಟಲೇ ಇಲ್ಲ. ಇಂಜಿನ್ ಬೇರೆ ಇಲ್ಲ, ಡಬ್ಬಿಯೇ ಓಡುತ್ತದೆ. ಆದರೂ ಜನ ಸುಮ್ನೆ 'ಗಾಡಿ ಬಂತು' ಅನ್ನುತ್ತಿದ್ದರು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರ್ ಅಗಲದ್ದು ಬಂತು. ಹಳೇ ಗಾಡಿಗಳ ಗಾಲಿ ಅದರ ಮೇಲೆ ಕೂರುವ ಹಾಗಿರಲಿಲ್ಲ. ಗಾಡಿಯ ಜೊತೆ ಆ ಮಾತುಗಳೂ ಹೋಗುತ್ತಿವೆ, ನನ್ನ ಆತುರಕ್ಕೆ ಕಾರಣ ಅದೇ.

ಮೈಸೂರು ನಿಲ್ದಾಣದ ಹತ್ತಿರ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಗಾಡಿ ಇದೆಯಲ್ಲ, ಅದಕ್ಕೆ 'ಸಲೂನ್' ಅನ್ನುತ್ತಾರೆ. ಜೊತೆಗೆ ಬಂದಿದ್ದ ತಂಗಿಯ ಮಗ, "ಮಾವ, ಇಲ್ಲಿ ಕಟಿಂಗ್ ಮಾಡ್ತಿದ್ರಾ?" ಅಂತ ಕೇಳಿದ. ಅವನಿಗೆ ಆ ಪದದ ಇನ್ನೊಂದು ಅರ್ಥ ಗೊತ್ತಿರುವ ದಾರಿಯೇ ಇಲ್ಲ. ಹೀಗೇ ಇನ್ನು ಇಪ್ಪತ್ತು ವರ್ಷಕ್ಕೆ ಡಬ್ಬಿ ಅಂದರೂ ಊಟದ ಡಬ್ಬಿ ಮಾತ್ರ ನೆನಪಾಗಬಹುದು.

ಸದ್ಯಕ್ಕೆ ನಾನು ಮಾಡಿಕೊಂಡಿರುವುದು ಹೀಗೆ. ಜನ ಕೂರುವ ಕೋಚಿಗೆ ಬೋಗಿ ಅನ್ನುವುದು ರೂಢಿ, ಅದು ಇರಲಿ. ಕೆಳಗಿನ ಚೌಕಟ್ಟಿನ ಮಾತು ಬಂದಾಗ 'ಗಾಲಿ ಚೌಕಟ್ಟು' ಅಂತ ಬಿಡಿಸಿ ಬರೆಯೋಣ. ನಾಲ್ಕೇ ಚಕ್ರದ ಹಳೇ ಗಾಡಿಗೆ ಮಾತ್ರ 'ಡಬ್ಬಿ'. ರೈಲ್‌ಬಸ್ಸಿನ ಫೋಟೋಗೆ 'ತಾನೇ ಓಡುವ ಡಬ್ಬಿ' ಅಂತ ತಿದ್ದಿದ್ದೇನೆ. ಫಿಟ್ಟರ್ ಹಿರಿಯರು ಓದಿ ತಲೆಯಾಡಿಸಿದರು.

ಅರಸೀಕೆರೆ, ಹುಬ್ಬಳ್ಳಿ, ಗುಂತಕಲ್ ಕಡೆಯವರು, ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು ದಯವಿಟ್ಟು ಹೇಳಿ. ನಿಮ್ಮ ಮನೆಯ ಹಿರಿಯರು ಇದಕ್ಕೆ ಏನನ್ನುತ್ತಿದ್ದರು? ಡಬ್ಬಿಯೋ, ಡಬ್ಬವೋ, ಪೆಟ್ಟಿಗೆಯೋ? ಬಂಗಾರಪೇಟೆ–ಕೋಲಾರದ ನಡುವೆಯೂ ರೈಲ್‌ಬಸ್ ಓಡುತ್ತಿತ್ತು. ಅಲ್ಲಿ ಅದಕ್ಕೆ ಊರವರು ಇಟ್ಟ ಹೆಸರೇನಾದರೂ ಇದ್ದರೆ, ಕೇಳಿದ ಹಾಗೆಯೇ ಬರೆದು ಕಳಿಸಿ. ತಿದ್ದಬೇಡಿ.