ಸಹಾಯ ಬೇಕ್ರೀ: ಫೋಟೋ ನನ್ನ ಮೊಬೈಲಿಂದ ಅಂತ ಹೆಂಗ ತೋರಿಸೂದು?

ಎಲ್ಲಾರಿಗೂ ನಮಸ್ಕಾರ್ರೀ. ಹೋದ ತಿಂಗಳ ಉಣಕಲ್ ಕೆರಿ ದಂಡಿ ಮ್ಯಾಲ ನಿಂತು, ವಿವೇಕಾನಂದರ ಮೂರ್ತಿದು ಸಂಜೀಮುಂದ ಒಂದ್ ಫೋಟೋ ಹೊಡದಿದ್ದೆ. ಗೆಳ್ಯಾ ಕೇಳಿದಾ ಅಂತ ವಾಟ್ಸಾಪ್‌ನ್ಯಾಗ ಡಾಕ್ಯುಮೆಂಟ್ ಮಾಡಿ ಕಳಿಸಿದೆ. ಈಗ ಅದ ಫೋಟೋ ಅವನ ಹೆಸರಿನ್ಯಾಗ ಸ್ಪರ್ಧಾಕ್ಕ ಹೋಗೇತಿ!

ಮೊಬೈಲ್ ರಿಸೆಟ್ ಆಗಿ ಒರಿಜಿನಲ್ ಹೋತು. ಉಳದದ್ದು ಸ್ಟೇಟಸ್‌ಗೆ ಹಾಕಿದ ಕಾಪಿ; ಅದರಾಗ ಎಕ್ಸಿಫ್ (ಫೋಟೋ ಫೈಲ್‌ನ್ಯಾಗ ಕ್ಯಾಮೆರಾ ತಾನ ಬರದಿಡೂ ಮಾಹಿತಿ) ಪೂರಾ ಖಾಲಿ, ವಾಟ್ಸಾಪ್ ಫೋಟೋ ಕುಗ್ಗಿಸೂಮುಂದ ಅಳಿಸಿಬಿಡತೈತಿ. ಆದ್ರ ಡಾಕ್ಯುಮೆಂಟ್ ಆಗಿ ಹೋದ ಫೈಲ್‌ನ್ಯಾಗ ಕಂಪನಿ, ಮಾಡೆಲ್, ಹೊಡದ ತಾರೀಖು, ಟೈಮು, ಫೋಕಲ್ ಲೆಂತ್ ಎಲ್ಲಾ ಹಂಗ ಇರತೈತಿ. ನಂದು ಸ್ಯಾಮ್‌ಸಂಗ್, ಅವಂದು ಐಫೋನ್. ಆಯೋಜಕರು ಅವನ ಫೈಲ್ ತಗದು ನೋಡಿದ್ರ ಸಾಕು ಅಂದ್ಕೊಂಡಿದ್ದೆ.

ಅವರು, "ಎಕ್ಸಿಫ್‌ಟೂಲ್ ಅನ್ನೂ ಸಾಫ್ಟ್‌ವೇರ್ ಇದ್ರ ಆ ಮಾಹಿತಿ ಯಾರ ಬೇಕಾದ್ರೂ ಬದಲಿ ಮಾಡಬಹುದಲ್ಲೋ ತಮ್ಮಾ" ಅಂದ್ರು. ಅದೂ ಖರೇನ. ಮತ್ತ ಮಾಡೆಲ್ ಕೂಡಿದ್ರೂ ಅದು ನಂದ ಹ್ಯಾಂಡ್‌ಸೆಟ್ ಅಂತೇನೂ ಆಗಂಗಿಲ್ಲ, ಅಂಥಾವು ದುರ್ಗದಬೈಲ್ ಮಾರ್ಕೆಟ್‌ನ್ಯಾಗ ನೂರ ಸಿಗತಾವು.

ಪ್ರತಿ ಕ್ಯಾಮೆರಾ ಸೆನ್ಸರಿಗೂ (ಬೆಳಕು ಹಿಡಿಯೂ ಚಿಪ್) ತನ್ನದ ಒಂದ್ ನಾಯ್ಸ್ ಗುರುತು, ಅಂದ್ರ ಅದರ ಎಲ್ಲಾ ಫೋಟೋದಾಗೂ ಬೀಳೂ ಕಣ್ಣಿಗೆ ಕಾಣದಂಥಾ ಸಣ್ಣ ಕಲೆ, ಇರತೈತಿ, ಅದನ್ನ ಹೋಲಿಸಿ ಇದ ಮೊಬೈಲು ಅಂತ ಹೇಳಬಹುದು ಅಂತ ಓದೇನಿ. ಹುಬ್ಬಳ್ಳಿ-ಧಾರವಾಡದಾಗ ಅದನ್ನ ಮಾಡಿಕೊಡವ್ರು ಯಾರರ ಅದಾರೇನ್ರೀ? ಫೋನ್ ಇನ್ನೂ ನನ್ನ ಕಡೇನ ಐತಿ. ಶನಿವಾರ ರಿಸಲ್ಟ್, ಲಗೂನ ಹೇಳ್ರಿ.