ಪದ ಬೇಕು: ಕೋನ್ ‘ತಾಗಿದರೆ’ ದಂಡವೋ, ‘ಜರುಗಿದರೆ’ ದಂಡವೋ?

ಗೆಳೆಯರೇ, ನಮಸ್ಕಾರ.

ನನಗೆ ಒಂದು ಕ್ರಿಯಾಪದ ಬೇಕಾಗಿದೆ. ಸ್ವಲ್ಪ ಅವಸರ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮಕ್ಕಳು ಸ್ಕೇಟ್‌ಬೋರ್ಡ್ ಪಂದ್ಯಕ್ಕೆ ಬಂದು ನಿಲ್ಲುತ್ತಾರೆ, ಅಷ್ಟರಲ್ಲಿ ನಿಯಮದ ಹಾಳೆ ಹೊಸದಾಗಿ ಪ್ರಿಂಟ್ ಆಗಬೇಕು. ಹಳೇ ಹಾಳೆ ಬರೆದವನೂ ನಾನೇ. ಅದರಲ್ಲಿದ್ದ ಒಂದೇ ಒಂದು ಪದದಿಂದ ಹೋದ ವಾರ ಜಗಳವಾಯಿತು.

ನಡೆದದ್ದು ಹೀಗೆ. ಮೈಸೂರಿನ ಹೊರಗೆ ಒಂದು ಹೊಸ ಲೇಔಟ್ ಇದೆ. ಸೈಟು ಮಾರಿ ಆಗಿದೆ, ಮನೆ ಇನ್ನೂ ಎದ್ದಿಲ್ಲ. ಟಾರು ನುಣ್ಣಗಿದೆ, ರಸ್ತೆ ಒಂದು ಕಡೆ ಚೂರು ಇಳಿಜಾರಾಗಿದೆ. ನನ್ನ ಮಗಳು ಮತ್ತು ಅವಳ ಗೆಳೆಯರು ಅಲ್ಲಿ ಸ್ಕೇಟ್‌ಬೋರ್ಡ್ ಆಡುತ್ತಾರೆ. ಈ ಸಲ ಸ್ಲಾಲಮ್ ಪಂದ್ಯ ಇಡೋಣ ಅಂದರು. ಅಂದರೆ ಸಾಲಾಗಿ ಕೋನ್ ಇಟ್ಟು, ಒಂದರ ಎಡಕ್ಕೆ ಇನ್ನೊಂದರ ಬಲಕ್ಕೆ ಹಾದು, ಯಾರು ಬೇಗ ಕೆಳಗೆ ಮುಟ್ಟುತ್ತಾರೆ ನೋಡುವುದು. ನಾವು 30 ಕೋನ್ ಇಟ್ಟೆವು, ನಡುವೆ 6 ಅಡಿ ಅಂತರ. ಟೇಪು ಹಿಡಿದು ಅಳೆದವನು ನಾನು. ಮಂಡಿ ಇನ್ನೂ ನೋಯುತ್ತಿದೆ.

ಹಾಳೆಯಲ್ಲಿ ಹೀಗೆ ಬರೆದಿದ್ದೆ: ‘ಕೋನ್‌ಗೆ ತಾಗಿದರೆ, ಒಂದು ಕೋನಿಗೆ 0.1 ಸೆಕೆಂಡ್ ದಂಡ.’ ಓದೋಕೆ ಚೆನ್ನಾಗಿದೆ ಅಲ್ವಾ? ಒಬ್ಬ ಹುಡುಗನ ಹಿಂದಿನ ಚಕ್ರ ಹನ್ನೊಂದನೇ ಕೋನಿಗೆ ಸವರಿತು. ಕೋನ್ ಅಲುಗಾಡಿ ಇದ್ದಲ್ಲೇ ನಿಂತಿತು. ಕೋನ್ ಕಾಯುತ್ತಿದ್ದವರು ಬೆರಳೆತ್ತಿ ‘ಒಂದು’ ಅಂದರು. ಆಮೇಲೆ ಬಂದ ಹುಡುಗಿಯ ಚಕ್ರ ಕೊನೇ ಕೋನನ್ನು ಒಂದು ಗೇಣು ಆಚೆ ತಳ್ಳಿತು, ಆದರೆ ಕೋನ್ ನಿಂತೇ ಇತ್ತು. ಅಲ್ಲಿ ಕಾಯುತ್ತಿದ್ದವರು ಇನ್ನೊಬ್ಬರು. ‘ಬಿದ್ದಿಲ್ಲವಲ್ಲ’ ಅಂತ ಸುಮ್ಮನಾದರು. ಇಬ್ಬರ ನಡುವೆ ವ್ಯತ್ಯಾಸ ಇದ್ದದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. ಹುಡುಗನ ಅಪ್ಪ ಹಾಳೆ ತೋರಿಸಿ ಕೇಳಿದರು, ‘ಸಾರ್, ನನ್ನ ಮಗನದು ತಾಗಿದ್ದು, ಈ ಮಗೂದು ತಾಗಲಿಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. (ಮೊಬೈಲಿನ ಸ್ಟಾಪ್‌ವಾಚ್ ಒತ್ತುವ ಬೆರಳೇ 0.1 ಸೆಕೆಂಡಿಗಿಂತ ಜಾಸ್ತಿ ಹಿಂದೆ ಮುಂದೆ ಆಗುತ್ತೆ ಅನ್ನೋದು ಬೇರೆ ವಿಷಯ. ಅದನ್ನು ನಾನು ಅಲ್ಲಿ ಬಾಯಿಬಿಡಲಿಲ್ಲ.)

ಈ ಆಟದ ವಾಡಿಕೆ ಇಷ್ಟು. ಕೋನಿನ ಬುಡದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿರುತ್ತಾರೆ. ಕೋನ್ ಉರುಳಿದರೆ, ಇಲ್ಲವೇ ಆ ಗೆರೆ ಬಿಟ್ಟು ಆಚೆ ಹೋದರೆ ಮಾತ್ರ ಲೆಕ್ಕ. ಸುಮ್ನೆ ಸವರಿದರೆ, ಅಲುಗಿದರೆ ಲೆಕ್ಕವಿಲ್ಲ. ಇಂಗ್ಲಿಷಿನವರು ಇದಕ್ಕೆಲ್ಲ ‘ಹಿಟ್’ ಅಂದುಬಿಡುತ್ತಾರೆ. ನಾನು ಅದನ್ನೇ ಕಣ್ಣುಮುಚ್ಚಿ ‘ತಾಗು’ ಮಾಡಿಕೊಂಡೆ. ಹಿಟ್ ಅಂದರೆ ಏನೆಂದು ಅವರು ಒಂದು ಪ್ಯಾರಾ ಬೇರೆ ಬರೆದುಕೊಂಡಿರುತ್ತಾರೆ. ನನ್ನ ಹಾಳೆಯಲ್ಲಿ ಅದು ಇರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇವೆ ನೋಡಿ. ಸವರು, ಸೋಕು, ತಾಗು, ತಗುಲು, ಬಡಿ. ಇವು ಚಕ್ರದ ಕಡೆಯಿಂದ. ಕೋನಿನ ಕಡೆಯಿಂದ ಅಲುಗು, ಕದಲು, ಜರುಗು, ಸರಿ, ವಾಲು, ಉರುಳು. ಮೊದಲ ಗುಂಪಿನ ಪದ ಯಾವುದು ಬಳಸಿದರೂ ಜಗಳ ತಪ್ಪೋದಿಲ್ಲ, ಯಾಕೆಂದರೆ ದಂಡ ಬೀಳುವುದು ಚಕ್ರ ಏನು ಮಾಡಿತು ಅನ್ನೋದಕ್ಕಲ್ಲ, ಕೋನ್ ಕೊನೆಗೆ ಎಲ್ಲಿ ನಿಂತಿತು ಅನ್ನೋದಕ್ಕೆ. ಇಷ್ಟು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಎರಡನೇ ಗುಂಪಿನಲ್ಲಿ ‘ಅಲುಗು’ ಬಿಡಿ, ಇದ್ದಲ್ಲೇ ಆಡುವುದು. ‘ಕದಲು’ ನನ್ನ ಕಿವಿಗೆ ಎರಡೂ ಹೌದು. ‘ಕದಲದೆ ಕೂತ’ ಅಂದಾಗ ಮೈಯೂ ಅಲುಗಿಲ್ಲ, ಜಾಗವೂ ಬಿಟ್ಟಿಲ್ಲ. ‘ಜರುಗು’ ಜಾಗ ಬಿಡುವುದೇ, ಬಸ್ಸಿನಲ್ಲಿ ‘ಸ್ವಲ್ಪ ಜರುಗಿ’ ಅಂತೀವಲ್ಲ ಹಾಗೆ. ಆದರೆ ಆ ‘ಸ್ವಲ್ಪ’ದಲ್ಲೇ ತೊಂದರೆ. ಬೆರಳಗಲ ಹೋದರೂ ಜರುಗಿದಂತೆ, ಗೇಣು ಹೋದರೂ ಜರುಗಿದಂತೆ. ಧಾರವಾಡ ಕಡೆಯ ಸ್ನೇಹಿತರೊಬ್ಬರು ‘ಸರೀರಿ’ ಅಂದರೆ ಸಾಕು, ಜರುಗು ಯಾಕೆ ಅಂದರು. ಅಳತೆಯ ತೊಂದರೆ ಅದಕ್ಕೂ ಇದೆ.

ಒಂದು ಪದದಲ್ಲಿ ನನಗೆ ಗೆಲುವು ಸಿಕ್ಕಿದೆ, ಅದನ್ನೂ ಹೇಳಿಬಿಡುತ್ತೇನೆ. ಈ ಆಟದಲ್ಲಿ ಕಾಲು ನೆಲಕ್ಕೆ ಊರಿ ತಳ್ಳುವುದು ಶುರುವಿನಲ್ಲಿ ಮಾತ್ರ. ಆಮೇಲೆ ಮಂಡಿ ಬಗ್ಗಿಸಿ, ಸೊಂಟ ತಿರುಗಿಸಿ, ಪ್ರತಿ ತಿರುವಿನಲ್ಲೂ ಹಲಗೆಗೆ ಭಾರ ಹಾಕಿ ಬಿಟ್ಟು ವೇಗ ಹುಟ್ಟಿಸಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ‘ಪಂಪ್’ ಮಾಡುವುದು ಅಂತಾರೆ. ಮೊದಲ ದಿನ ನಾನು ಒಂದು ಪುಟ್ಟ ಹುಡುಗನಿಗೆ ‘ಪಂಪ್ ಮಾಡು, ಪಂಪ್ ಮಾಡು’ ಅಂತ ಕೂಗಿದೆ. ಅವನು ನಿಂತು, ಚಕ್ರ ಮುಟ್ಟಿ ನೋಡಿ, ‘ಅಂಕಲ್, ಇದಕ್ಕೆ ಗಾಳಿ ಹೊಡೆಯೋ ತೂತೇ ಇಲ್ಲ’ ಅಂದ. ಅವನದೇನೂ ತಪ್ಪಿಲ್ಲ. ಪಂಪ್ ಹೊಡೆಯುವುದು ಅಂದರೆ ನಮ್ಮಲ್ಲಿ ಸೈಕಲ್ ಟ್ಯೂಬು. ಆಮೇಲೆ ಹೇಳಿದೆ, ‘ಉಯ್ಯಾಲೆ ಜೀಕ್ತೀಯಲ್ಲ, ನಿಂತ್ಕೊಂಡು? ಹಾಗೆ ಜೀಕು.’ ಮೂರನೇ ಸಲಕ್ಕೆ ಬಂತು. ಉಯ್ಯಾಲೆಯಲ್ಲೂ ಅದೇ ಅಲ್ವಾ? ಯಾರೂ ತಳ್ಳುವುದಿಲ್ಲ, ಕಾಲು ನೆಲಕ್ಕೆ ಸಿಗುವುದಿಲ್ಲ, ಸರಿಯಾದ ಗಳಿಗೆಯಲ್ಲಿ ಮಂಡಿ ಬಗ್ಗಿಸಿ ಎದ್ದರೆ ಜೋಕಾಲಿ ಮೇಲೇರುತ್ತದೆ. ಪಂಚಮಿಯಲ್ಲಿ ಜೋಕಾಲಿ ಆಡಿದವರಿಗೆ ಪಾಠವೇ ಬೇಡ. ‘ಜೀಕು’ ನನ್ನ ಮಟ್ಟಿಗೆ ತೀರ್ಮಾನವಾದ ಪದ.

ಆಟದ ಹೆಸರು ಮಾತ್ರ ಇನ್ನೂ ಕಗ್ಗಂಟು. ರಸ್ತೆ ಬಳಸಲು ಅನುಮತಿ ಕೇಳಿ ‘ಸ್ಲಾಲಮ್ ಸ್ಪರ್ಧೆ’ ಅಂತ ಅರ್ಜಿ ಬರೆದೆ. ಅರ್ಜಿ ಓದಿದವರು ‘ಸಲಾಂ ಸ್ಪರ್ಧೆ ಅಂದರೆ ಏನ್ರೀ, ಯಾರಿಗೆ ಸಲಾಂ?’ ಅಂದರು. ಪದ ಮೂಲದಲ್ಲಿ ನಾರ್ವೆಯದು, ಅಲ್ಲಿನ ಹಿಮದಾಟದ್ದು. ‘ಸ್ಲಾ’ ಅಂದರೆ ಇಳಿಜಾರು, ‘ಲೋಮ್’ ಅಂದರೆ ಜಾಡು. ಇಷ್ಟೇ! ಸುತ್ತಿ ಬಳಸಿ ಹೋಗುವ ಅರ್ಥ ಪದದೊಳಗೆ ಇಲ್ಲವೇ ಇಲ್ಲ. ಗೂಟಗಳ ನಡುವೆ ಹಾದು ಬರುವ ಈಗಿನ ಬಗೆಯ ಸ್ಲಾಲಮ್ ಪಂದ್ಯ 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಆರ್ನಲ್ಡ್ ಲನ್ ಅನ್ನೋರು ಏರ್ಪಡಿಸಿದ್ದು. ಅಲ್ಲಿಂದ ಅದು ಹಿಮ ಬಿಟ್ಟು ಟಾರಿಗೆ ಇಳಿಯಿತು. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾದಲ್ಲಿ ಗುಡ್ಡದ ಮೇಲೆ ರಸ್ತೆ ಹಾಕಿದ್ದರು, ಮನೆ ಕಟ್ಟಿರಲಿಲ್ಲ. ಯುರೇಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಚಕ್ರ ಆಗಷ್ಟೇ ಬಂದಿತ್ತು, ಹಳೇ ಗಡುಸು ಚಕ್ರದ ಹಾಗೆ ಜಾರುತ್ತಿರಲಿಲ್ಲ. ಭಾನುವಾರ ಅಲ್ಲಿಗೆ ಹುಡುಗರು ಕೋನ್ ಹೊತ್ತುಕೊಂಡು ಹೋಗಿ ಓಡಿಸುತ್ತಿದ್ದರು. ಖಾಲಿ ಲೇಔಟ್ ಕಂಡರೆ ಎಲ್ಲ ಊರಿನ ಹುಡುಗರಿಗೂ ಒಂದೇ ಯೋಚನೆ ಬರುತ್ತೆ ಅನ್ಸುತ್ತೆ.

ಕನ್ನಡದ ಹೆಸರಿಗೆ ಬಂದ ಸಲಹೆಗಳು: ‘ಅಂಕುಡೊಂಕು ಓಟ’. ಅರ್ಥ ಸರಿ, ಆದರೆ ಏನೋ ಕೆಟ್ಟಿದೆ ಅನ್ನುವ ಧ್ವನಿ. ‘ಓಲಾಟ’ ಅಂದರೆ ಕುಡಿದವನ ನಡಿಗೆ ನೆನಪಾಗುತ್ತೆ. ಮಕ್ಕಳು ತಾವೇ ಹೇಳೋದು ‘ಕಟ್ ಹೊಡೆಯೋದು’. ಬೈಕ್ ಹುಡುಗರ ಮಾತು ಅದು, ಅರ್ಜಿಯಲ್ಲಿ ಬರೆದರೆ ಅನುಮತಿ ಸಿಕ್ಕ ಹಾಗೇ. ಲೈಸೆನ್ಸ್ ಪರೀಕ್ಷೆಯ ‘ಎಂಟು ಹಾಕೋದು’ ಎಲ್ಲರಿಗೂ ಗೊತ್ತು, ಆದರೆ ಇಲ್ಲಿ ಎಂಟು ಮೂಡುವುದಿಲ್ಲ. ಹಳಗನ್ನಡ ಓದಿದ ಹಿರಿಯರೊಬ್ಬರು ಚಿತ್ರಕವಿತೆಯ ‘ಗೋಮೂತ್ರಿಕೆ’ ಸೂಚಿಸಿದರು. ನಡೆಯುತ್ತಾ ಉಚ್ಚೆ ಹೊಯ್ಯುವ ಎತ್ತು ಧೂಳಿನಲ್ಲಿ ಬಿಡುವ ಗೆರೆ ಸ್ಲಾಲಮ್ ಹಾದಿಯೇ, ಒಪ್ಪಿದೆ. ಮಕ್ಕಳ ಸರ್ಟಿಫಿಕೇಟ್ ಮೇಲೆ ಅದನ್ನು ಅಚ್ಚು ಹಾಕಿಸುವ ಧೈರ್ಯ ಮಾತ್ರ ನನಗಿಲ್ಲ. ಸದ್ಯಕ್ಕೆ ‘ನುಸುಳೋಟ’ ಅಂತ ಇಟ್ಟುಕೊಂಡಿದ್ದೇನೆ. ಸಂದುಗೊಂದಿನಲ್ಲಿ ನುಸುಳಿ ಓಡುವುದು. ಬೇರೆ ಹೊಳೆದರೆ ಹೇಳಿ.

‘ಕೋನ್’ ಹಾಗೇ ಇರಲಿ. ಗಣಿತದ ಪಾಠದಲ್ಲಿ ಅದು ‘ಶಂಕು’ ನಿಜ, ಆದರೆ ‘ಬೆಳಿಗ್ಗೆ ಆರಕ್ಕೆ ಶಂಕು ಇಡೋದು’ ಅಂದರೆ ಶಾಸಕರನ್ನು ಕರೆದಿದ್ದೀರಾ ಅಂತ ಕೇಳುತ್ತಾರೆ.

ಕೊನೇ ಸುತ್ತಿನಲ್ಲಿ ಇಬ್ಬರು ಒಟ್ಟಿಗೆ, ಅಕ್ಕಪಕ್ಕದ ಎರಡು ಸಾಲಿನಲ್ಲಿ ಓಡುತ್ತಾರೆ. ಆಮೇಲೆ ಸಾಲು ಬದಲಿಸಿ ಮತ್ತೊಮ್ಮೆ. ಇದಕ್ಕೆ ಕರಾವಳಿಯ ‘ಜೋಡುಕರೆ’ ಹೇಳಿ ಮಾಡಿಸಿದ ಹಾಗಿದೆ. ಕಂಬಳದ ಓಟದ ಹಾದಿ ‘ಕರೆ’, ಅಂಥವು ಎರಡು ಜೊತೆಗಿದ್ದರೆ ಜೋಡುಕರೆ. ಬಿಡುವ ಜಾಗ ‘ಗಂತು’, ಮುಟ್ಟುವ ಜಾಗ ‘ಮಂಜೊಟ್ಟಿ’. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆದಮೇಲೆ ಈ ಕಡೆಯವರಿಗೂ ಇವು ಒಂದಿಷ್ಟು ಕಿವಿಗೆ ಬಿದ್ದಿವೆ. ಅಲ್ಲಿ ಅಡ್ಡಹಲಗೆ ವಿಭಾಗದಲ್ಲಿ ಓಡಿಸುವವನು ಹಲಗೆ ಮೇಲೆ ನಿಂತೇ ಹೋಗುತ್ತಾನೆ. ನಮ್ಮವರೂ ಹಲಗೆ ಮೇಲೆಯೇ, ಕೋಣ ಇಲ್ಲ ಅಷ್ಟೆ. ಕರಾವಳಿಯವರು ಇಲ್ಲಿ ಯಾರಾದರೂ ಇದ್ದರೆ ಹೇಳಿ: ಕೆಸರಿಲ್ಲದ ಟಾರು ರಸ್ತೆಗೆ ‘ಕರೆ’ ಅಂದರೆ ನಿಮ್ಮ ಕಿವಿಗೆ ಕಿರಿಕಿರಿ ಆಗುತ್ತಾ?

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮೊನ್ನೆ ಸಂಜೆ ಗೆರೆ ಎಳೆಯಲು ಮತ್ತೆ ಹೋಗಿದ್ದೆವು. ನಾನು ರಂಗೋಲಿ ಪುಡಿ ತಂದಿದ್ದೆ. ಮಗಳು ಬೈದಳು. ಪುಡಿ ಚಕ್ರದಡಿ ಸಿಕ್ಕರೆ ಜಾರುತ್ತೆ, ಸೀಮೆಸುಣ್ಣವೇ ಆಗಬೇಕಂತೆ. ಅವಳು ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೋನ್ ಒತ್ತಿ ಹಿಡಿದು, ಬುಡದ ಸುತ್ತ ಗೆರೆ ಎಳೆಯುತ್ತಾ ಹೋದಳು. ಏಳೆಂಟು ಆದಮೇಲೆ ಸುಮ್ನೆ ಹೇಳಿದಳು, ‘ಅಪ್ಪಾ, ಇಷ್ಟಕ್ಕೆ ಮನೆ ಹಾಕಾಯ್ತು.’

ಕುಂಟೆಬಿಲ್ಲೆಯಲ್ಲಿ, ಚೌಕಾಬಾರದಲ್ಲಿ ನಾವು ‘ಮನೆ’ ಅನ್ನೋದು ಇದನ್ನೇ ಅಲ್ವಾ? ನೆಲದ ಮೇಲೆ ಗೆರೆ ಹಾಕಿ ಗುರುತು ಮಾಡಿದ ಜಾಗ. ಹಾಗಾದರೆ ನಿಯಮ ಹೀಗೆ ಬರೆಯಬಹುದು:

‘ಕೋನ್ ಉರುಳಿದರೆ ಅಥವಾ ಮನೆ ಬಿಟ್ಟರೆ, ಒಂದಕ್ಕೆ 0.1 ಸೆಕೆಂಡ್ ದಂಡ. ಕೋನಿನ ಬುಡ ಪೂರ್ತಿ ಗೆರೆಯ ಆಚೆ ಹೋಗಿದ್ದರೆ ಮನೆ ಬಿಟ್ಟಂತೆ. ಸವರಿದರೆ, ಅಲುಗಿದರೆ ದಂಡವಿಲ್ಲ.’

ನನಗೆ ಇದು ಹಿಡಿಸಿದೆ. ಕೋನ್ ಕಾಯುವವರಿಗೂ ‘ಬಿಟ್ತು’ ಅಂತ ಕೂಗಲು ಸುಲಭ. ಆದರೆ ಅನುಮಾನ ಎರಡು. ಒಂದು, ‘ಮನೆ ಬಿಟ್ಟ’ ಅಂದರೆ ಬಾಡಿಗೆ ಮನೆ ಖಾಲಿ ಮಾಡಿದ್ದು, ಇಲ್ಲವೇ ಹುಡುಗ ಓಡಿಹೋದದ್ದು ಮೊದಲು ತಲೆಗೆ ಬರುತ್ತಾ? ಎರಡು, ಆಟದ ಗೆರೆಯೊಳಗಿನ ಜಾಗಕ್ಕೆ ಬೆಳಗಾವಿ, ಕಲಬುರಗಿ ಕಡೆಯೂ ‘ಮನೆ’ ಅಂತಲೇ ಅಂತಾರಾ, ಬೇರೆ ಪದ ಇದೆಯಾ? ಓಡುವವರಲ್ಲಿ ಇಬ್ಬರು ಆ ಕಡೆಯವರು, ಅದಕ್ಕೇ ಕೇಳುತ್ತಿದ್ದೇನೆ.

ಶುಕ್ರವಾರ ಸಂಜೆ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಅಷ್ಟರೊಳಗೆ ಬರೆದರೆ ಉಪಕಾರ.